ಕೌಂಟರ್ ಮುಚ್ಚಿದ ಮೇಲಿನ ಮೂರು ತಾಸು: ಬ್ಯಾಂಕಿನ ಒತ್ತಡ ಮನೆಗೆ ಬರದಂತೆ ನೋಡಿಕೊಳ್ಳುವುದು ಹೇಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಬಹುತೇಕ ಶಾಖೆಗಳಲ್ಲಿ ಗ್ರಾಹಕರಿಗೆ ಬಾಗಿಲು ಮುಚ್ಚುವುದು ನಾಲ್ಕಕ್ಕೆ. ಸಿಬ್ಬಂದಿ ಹೊರಬೀಳುವುದು ಆರೂವರೆ, ಏಳಕ್ಕೆ. ನಡುವೆ ಏನು ಮಾಡಿದಿರಿ ಎಂದರೆ "ಕೆಲಸ ಇತ್ರಿ" ಎನ್ನುತ್ತಾರೆ. ಯಾವ ಕೆಲಸ, ಎಷ್ಟು ಹೊತ್ತು ಎಂದು ಕೆದಕಿದರೆ ಥಟ್ಟನೆ ಹೇಳಲು ಬರುವುದಿಲ್ಲ. ಹತ್ತು ರೂಪಾಯಿ ಕಡಿಮೆ ಬಿದ್ದರೆ ಇಡೀ ಶಾಖೆ ನಿಂತು ಹುಡುಕುತ್ತದೆ. ದಿನಕ್ಕೆ ಎರಡು ತಾಸು ಕಡಿಮೆ ಬೀಳುತ್ತಿರುವುದನ್ನು ಯಾರೂ ಹುಡುಕುವುದಿಲ್ಲ.

ಟಾರ್ಗೆಟ್ ಇಳಿಸುವುದು, ಖಾಲಿ ಹುದ್ದೆ ತುಂಬುವುದು ಶಾಖೆಯ ಕೈಯಲ್ಲಿಲ್ಲ. ಅವು ಸಂಘಟನೆ ಮತ್ತು ಒಪ್ಪಂದದ ಮಾತು. ಎರಡನೇ, ನಾಲ್ಕನೇ ಶನಿವಾರದ ರಜೆ 2015ರ ಸೆಪ್ಟೆಂಬರ್ 1ರಿಂದ ಸಿಕ್ಕಿದ್ದು ಹಾಗೆಯೇ. ಇಲ್ಲಿರುವುದು ಆ ದೊಡ್ಡ ಹೋರಾಟಕ್ಕೆ ಬದಲಿಯಲ್ಲ; ಈ ತಿಂಗಳು, ಇದೇ ಶಾಖೆಯಲ್ಲಿ, ಇರುವಷ್ಟೇ ಜನರಿಟ್ಟುಕೊಂಡು ಎಷ್ಟು ಸಂಜೆ ಉಳಿಸಬಹುದು ಎಂಬ ಲೆಕ್ಕ.

ಮೊದಲು ಯಾವ ಬಗೆಯ ತಿಕ್ಕಾಟ ಎಂದು ಗುರುತಿಸಿ

ಕೆಲಸ ಮತ್ತು ಮನೆಯ ತಿಕ್ಕಾಟ ಮೂರು ಬಗೆ ಎಂದು ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು 1985ರಲ್ಲೇ ವಿಂಗಡಿಸಿದ್ದಾರೆ. ಬ್ಯಾಂಕಿನವರಿಗೆ ಅದು ಹೇಳಿ ಮಾಡಿಸಿದಂತಿದೆ.

ಒಂದು, ಸಮಯದ್ದು. ಮಗಳ ಶಾಲೆಯ ಕಾರ್ಯಕ್ರಮ ಐದಕ್ಕೆ, ನೀವು ಇನ್ನೂ ಸ್ಟ್ರಾಂಗ್‌ರೂಮಿನ ಬೀಗದ ಮುಂದೆ. ಎರಡು, ಬಳಲಿಕೆಯದ್ದು. ಆರಕ್ಕೇ ಮನೆ ಸೇರಿದ್ದೀರಿ, ಆದರೆ ಆಡಿಟ್ ಆಕ್ಷೇಪಣೆ ತಲೆಯಲ್ಲಿ ತಿರುಗುತ್ತಿದೆ. ಯಾರು ಮಾತಾಡಿಸಿದರೂ ಸಿಡುಕು. ಮೂರನೆಯದು ನಡವಳಿಕೆಯದ್ದು, ಇದನ್ನು ಯಾರೂ ಗಮನಿಸುವುದಿಲ್ಲ. ವಸೂಲಿಯಲ್ಲಿ ಬಳಸಿದ ದನಿಯೇ ಮನೆಯಲ್ಲೂ ಹೊರಡುತ್ತದೆ. ಮಗನ ಹೋಂವರ್ಕ್ ಆಡಿಟ್ ಆಗುತ್ತದೆ, ಹೆಂಡತಿ ತಂದ ಕಿರಾಣಿ ಚೀಟಿಗೆ ವೋಚರ್ ಕೇಳಿದಂತಾಗುತ್ತದೆ.

ಇವಕ್ಕೆ ಮದ್ದು ಬೇರೆ ಬೇರೆ. ಸಮಯದ ತೊಂದರೆಗೆ ಪ್ರಾಣಾಯಾಮ ಮಾಡಿದರೆ ಉಪಯೋಗವಿಲ್ಲ, ಬಳಲಿಕೆಗೆ ಅರ್ಧ ತಾಸು ಬೇಗ ಬಂದರೂ ಉಪಯೋಗವಿಲ್ಲ. ಬ್ಯಾಂಕುಗಳು ನಡೆಸುವ ಅರ್ಧ ದಿನದ "ಸ್ಟ್ರೆಸ್ ಮ್ಯಾನೇಜ್‌ಮೆಂಟ್" ತರಬೇತಿಗಳು ಮೂರಕ್ಕೂ ಒಂದೇ ಔಷಧ ಬರೆದುಕೊಡುವುದರಿಂದಲೇ ಅಷ್ಟಾಗಿ ಹತ್ತುವುದಿಲ್ಲ.

ಎರಡು ವಾರದ ಪಟ್ಟಿ

ಹಳೇ ಡೈರಿಯ ಪುಟ ಸಾಕು. ದಿನಕ್ಕೆ ಒಂದು ಸಾಲು, ಆರು ಅಂಕಣ: ಶಾಖೆಗೆ ಬಂದ ಸಮಯ, ಕ್ಯಾಶ್ ಟ್ಯಾಲಿಯಾದ (ಕೈಯಲ್ಲಿರುವ ಹಣ ಪುಸ್ತಕದ ಲೆಕ್ಕಕ್ಕೆ ಹೊಂದಿದ) ಸಮಯ, ನಿಮ್ಮ ಕೊನೆಯ ಎಂಟ್ರಿ ಮುಗಿದ ಸಮಯ, ಶಾಖೆ ಬಿಟ್ಟ ಸಮಯ, ಮನೆ ಮುಟ್ಟಿದ ಸಮಯ, ಆಮೇಲೆ ಬಂದ ಬ್ಯಾಂಕಿನ ಫೋನ್‌ಗಳ ಸಂಖ್ಯೆ. ಪಕ್ಕದಲ್ಲಿ 0ರಿಂದ 10ರೊಳಗೆ ಒಂದು ಅಂಕಿ: ಊಟಕ್ಕೆ ಕೂತಾಗ ತಲೆಯೊಳಗೆ ಬ್ಯಾಂಕು ಎಷ್ಟಿತ್ತು. ಎರಡು ವಾರ ಯಾಕೆಂದರೆ ಸಾಮಾನ್ಯವಾಗಿ ಒಂದರಲ್ಲಿ ಶನಿವಾರ ರಜೆ, ಇನ್ನೊಂದರಲ್ಲಿ ಕೆಲಸ. ಮಾರ್ಚ್ ಕೊನೆಯ ಎರಡು ವಾರ ಮಾತ್ರ ಬೇಡ, ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ.

ಓದುವುದು ಹೀಗೆ. ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಸಲ ಕ್ಯಾಶ್ ಟ್ಯಾಲಿಗೆ ಐದು ಗಂಟೆ ದಾಟಿದ್ದರೆ ಸೋರಿಕೆ ಕೌಂಟರಿನಲ್ಲಿದೆ. ಕ್ಯಾಶ್ ನಾಲ್ಕೂವರೆಗೇ ಮುಗಿದು, ನಿಮ್ಮ ಎಂಟ್ರಿಯೂ ಐದಕ್ಕೆ ಮುಗಿದು, ಬಿಟ್ಟಿದ್ದು ಮಾತ್ರ ಆರೂವರೆಗೆ ಆಗಿದ್ದರೆ ನೀವು ಇನ್ನೊಬ್ಬರಿಗಾಗಿ ಕಾದಿದ್ದೀರಿ: ಆಥರೈಸೇಶನ್ (ಎಂಟ್ರಿಗೆ ಅಧಿಕಾರಿಯ ಒಪ್ಪಿಗೆ), ವಿ.ಸಿ. (ಮೇಲಿನವರ ವಿಡಿಯೋ ಸಭೆ) ಅಥವಾ ಸ್ಟ್ರಾಂಗ್‌ರೂಮಿನ ಕೀಲಿ. ಹೊತ್ತಿಗೆ ಸರಿಯಾಗಿ ಬಂದೂ ಅಂಕಿ 7, 8 ಇದ್ದರೆ ತೊಂದರೆ ಫೋನಿನಲ್ಲೋ ಮನಸ್ಸಿನಲ್ಲೋ ಇದೆ.

ಕ್ಯಾಶ್: ಇಪ್ಪತ್ತು ನಿಮಿಷದ ನಿಯಮ

ಟ್ಯಾಲಿಯಾಗದ ಕ್ಯಾಶ್ ಕೆಡಿಸುವಷ್ಟು ಸಂಜೆಗಳನ್ನು ಬೇರಾವುದೂ ಕೆಡಿಸುವುದಿಲ್ಲ. ಬಹಳ ಜನ ಮಾಡುವ ತಪ್ಪು, ವ್ಯತ್ಯಾಸ ಕಂಡೊಡನೆ ಮೊದಲ ನೋಟಿನಿಂದ ಮತ್ತೆ ಎಣಿಸಲು ಕೂರುವುದು. ಮೊದಲು ವ್ಯತ್ಯಾಸದ ಅಂಕಿಯನ್ನೇ ನೋಡಿ, ಎಲ್ಲಿ ಹುಡುಕಬೇಕೆಂದು ಅದೇ ಹೇಳುತ್ತದೆ.

ಅಂಕಿ 9ರಿಂದ ಪೂರ್ತಿ ಭಾಗವಾದರೆ ಅಂಕೆ ಅದಲು ಬದಲಾಗಿರುವ ಸಾಧ್ಯತೆ ಹೆಚ್ಚು. 5,400 ಹೋಗಿ 4,500 ಬಿದ್ದರೆ ವ್ಯತ್ಯಾಸ 900. ಒಂದು ಸೊನ್ನೆ ಜಾರಿದರೂ ಹಾಗೆಯೇ: 20,000ದ ಬದಲು 2,000 ಬಿದ್ದರೆ 18,000. ವ್ಯತ್ಯಾಸ 180 ಇದ್ದರೆ ನೋಟಿನ ಬಣ್ಣ ನೆನೆಸಿಕೊಳ್ಳಿ. 200ರ ಹಳದಿ ನೋಟು, 20ರ ಹಸಿರು-ಹಳದಿ ನೋಟು ಒಂದರೊಳಗೊಂದು ಸೇರಿರುತ್ತವೆ, ಅದರಲ್ಲೂ ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ. ವ್ಯತ್ಯಾಸ 400 ಆದರೆ 100ರ ಜಾಗದಲ್ಲಿ 500 ಹೋಗಿರಬಹುದು. ಇದ್ಯಾವುದೂ ಅಲ್ಲ, ಆದರೆ ಸರಿಸಂಖ್ಯೆ ಎಂದಾದರೆ ಅದರ ಅರ್ಧದ ವೋಚರ್ ಹುಡುಕಿ. 6,400 ಕಡಿಮೆ ಬಿದ್ದಾಗ 3,200ರ ಚೀಟಿ ಸಿಕ್ಕರೆ, ಪಾವತಿ ಹಾಕುವಲ್ಲಿ ಜಮಾ ಹಾಕಿದ್ದೀರಿ: ಕೈಯಿಂದ 3,200 ಹೋಗಿದೆ, ಪುಸ್ತಕದಲ್ಲಿ 3,200 ಬಂದಿದೆ.

ಇಷ್ಟಕ್ಕೆ ಇಪ್ಪತ್ತು ನಿಮಿಷ. ಸಿಗದಿದ್ದರೆ ಇನ್ನೊಬ್ಬರ ಕೈಗೆ ಕೊಡಿ. ಎಣಿಸಿದವರೇ ಮತ್ತೆ ಎಣಿಸಿದರೆ ಅದೇ ತಪ್ಪನ್ನು ಮತ್ತೆ ದಾಟಿ ಹೋಗುತ್ತಾರೆ. ಆಗಲೂ ಸಿಗದಿದ್ದರೆ ಅದೇ ದಿನ ಅಧಿಕಾರಿಗೆ ತಿಳಿಸಿ, ನಿಮ್ಮ ಬ್ಯಾಂಕಿನ ನಿಯಮದಂತೆ ದಾಖಲಿಸಿ. ಕಡಿಮೆ ಬಿದ್ದದ್ದನ್ನು ಸದ್ದಿಲ್ಲದೆ ಜೇಬಿನಿಂದ ತುಂಬುವುದು, ಹೆಚ್ಚು ಬಂದದ್ದನ್ನು "ನಾಳೆ ನೋಡೋಣ" ಎಂದು ಡ್ರಾಯರಿನಲ್ಲಿಡುವುದು ಎರಡೂ ಅಪಾಯ. ಅಚಾನಕ್ ತಪಾಸಣೆ ಬಂದರೆ ಎರಡನೆಯದು ನೌಕರಿಗೇ ಕುತ್ತು. ಆ ಹೆದರಿಕೆಯಂತೂ ಮನೆಯವರೆಗೆ ಬಂದೇ ಬರುತ್ತದೆ.

ತಡೆಯುವುದು ಹುಡುಕುವುದಕ್ಕಿಂತ ಅಗ್ಗ. ಊಟಕ್ಕೆ ಏಳುವ ಮುಂಚೆ ಐದು ನಿಮಿಷ ಅರ್ಧದಿನದ ಟ್ಯಾಲಿ ಹಾಕಿ. ಸಂಜೆ ವ್ಯತ್ಯಾಸ ಬಂದರೂ ಹುಡುಕಬೇಕಾದ್ದು ಅರ್ಧ ದಿನದ್ದಷ್ಟೇ ಉಳಿಯುತ್ತದೆ. ನೂರು ಆದೊಡನೆ ಪ್ಯಾಕೆಟ್ ಕಟ್ಟಿ, ಹತ್ತು ಪ್ಯಾಕೆಟ್ ಆದೊಡನೆ ಬಂಡಲ್ ಮಾಡಿ. ಬಿಡಿ ನೋಟು ಕೌಂಟರಿನ ಮೇಲೆ ಗುಡ್ಡೆಯಾದಷ್ಟೂ ತಪ್ಪು ಹೆಚ್ಚು. ಖೋಟಾ ನೋಟಿನ ಬಗ್ಗೆ ಗಾಬರಿ ಬೇಡ, ನಿಯಮ ಸ್ಪಷ್ಟವಿದೆ: ಒಂದೇ ವಹಿವಾಟಿನಲ್ಲಿ ನಾಲ್ಕರವರೆಗೆ ಬಂದರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ, ಐದು ಅಥವಾ ಹೆಚ್ಚಿದ್ದರೆ ಕೂಡಲೇ ದೂರು. ಯಾವ ಕಾರಣಕ್ಕೂ ತಂದವರ ಕೈಗೆ ವಾಪಸ್ ಕೊಡಬೇಡಿ, ರಸೀದಿ ಕೊಡಿ.

3:55ಕ್ಕೆ ದೊಡ್ಡ ಗಂಟು ಹೊತ್ತು ಬರುವ ವ್ಯಾಪಾರಿಯನ್ನು ತಿರುಗಿಸಿ ಕಳಿಸಲು ಬರುವುದಿಲ್ಲ. ಆದರೆ ಮರುದಿನಕ್ಕೆ ಹೊತ್ತು ಗೊತ್ತು ಮಾಡಬಹುದು: "ಸಾವ್ಕಾರ್ರ, ನಾಳೆಯಿಂದ ಮೂರರೊಳಗ ಕಳಸ್ರಿ, ನಿಮ್ದು ನಿಲ್ಲಸದ ಮಾಡಿ ಕೊಡ್ತೀನಿ." ನಾಲ್ಕು ದಿನ ಹೇಳಿದರೆ ಐದನೆಯ ದಿನ ಹುಡುಗ ಎರಡೂವರೆಗೆ ಬರುತ್ತಾನೆ.

ಕಾಯುವ ಹೊತ್ತು

ಆಥರೈಸೇಶನ್ ಬಾಕಿ ಬಿದ್ದು ನಾಲ್ಕೂವರೆಗೆ ಒಮ್ಮೆಲೇ ಅಧಿಕಾರಿಯ ಮುಂದೆ ಹೋಗುವುದು ಸಣ್ಣ ಶಾಖೆಗಳ ಹಳೇ ರೋಗ. ಮ್ಯಾನೇಜರ್ ಜೊತೆ ಮಾತಾಡಿ ದಿನಕ್ಕೆ ಮೂರು ಹೊತ್ತು ಗೊತ್ತು ಮಾಡಿಕೊಳ್ಳಿ: ಹನ್ನೆರಡು, ಎರಡೂವರೆ, ನಾಲ್ಕೂಕಾಲು. ಕ್ಯೂ ಖಾಲಿಯಾದರೆ ದಿನದ ಕೊನೆಯ ಕೆಲಸ ಹದಿನೈದು ನಿಮಿಷದ್ದು.

ಕೀಲಿ ಜಂಟಿಯಾಗಿ ಇಬ್ಬರ ಬಳಿ ಇರುತ್ತದೆ, ಹಾಗಾಗಿ ಒಬ್ಬರು ತಡ ಮಾಡಿದರೆ ಇಬ್ಬರ ಸಂಜೆಯೂ ಹೋಯಿತು. ಸ್ಟ್ರಾಂಗ್‌ರೂಂ ಮುಚ್ಚುವ ಹೊತ್ತನ್ನು ಇಬ್ಬರೂ ಬೆಳಿಗ್ಗೆಯೇ ಮಾತಾಡಿಕೊಳ್ಳಿ. "ನೀವು ಹೋಗ್ರಿ, ನಾ ಹಾಕ್ತೀನಿ" ಎಂದು ಕೀಲಿ ಕೊಟ್ಟುಹೋಗುವ ಅಭ್ಯಾಸ ಮಾತ್ರ ಬೇಡ. ಪಾಸ್‌ವರ್ಡ್ ಕೊಡುವುದೂ ಅಷ್ಟೇ. ಅರ್ಧ ತಾಸು ಉಳಿಸಲು ಹೋದವರು ವರ್ಷಗಟ್ಟಲೆ ವಿಚಾರಣೆಗೆ ಉತ್ತರ ಬರೆದ ಉದಾಹರಣೆ ಯಾವ ಬ್ಯಾಂಕಿನಲ್ಲಾದರೂ ಸಿಗುತ್ತದೆ. ಸೀಟು ಬಿಟ್ಟು ಏಳುವಾಗ ವಿಂಡೋಸ್ ಕೀಲಿಯೊಂದಿಗೆ ಎಲ್ ಒತ್ತಿ. ಸ್ಕ್ರೀನ್ ಲಾಕ್ ಆಗುತ್ತದೆ.

ಮೇಲಿನವರಿಗೆ ಹೇಳುವುದು

"ಬಾಳ ಲೋಡ್ ಆಗೇತ್ರಿ ಸರ್" ಎಂದರೆ ಬರುವ ಉತ್ತರ ಎಲ್ಲರಿಗೂ ಗೊತ್ತು: ಎಲ್ಲರಿಗೂ ಐತಿ. ಬ್ಯಾಂಕಿನಲ್ಲಿ ಅಂಕಿಗೆ ಬೆಲೆ. ಒಂದು ಬೆಳೆಸಾಲ ರಿನ್ಯೂವಲ್‌ಗೆ ನಿಮಗೆ ಎಷ್ಟು ಹೊತ್ತು ಬೇಕೆಂದು ಮೂರು ಫೈಲಿನಲ್ಲಿ ಅಳೆದು ನೋಡಿ: ಉತಾರ (ಪಹಣಿ) ನೋಡಬೇಕು, ಅದರಲ್ಲಿ ಬೋಜಾ (ಸಾಲದ ಹೊರೆ) ಯಾರದ್ದಿದೆ ನೋಡಬೇಕು, ರೈತರ ನೋಂದಣಿಯ ಫ್ರೂಟ್ಸ್‌ನ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹೊಂದಬೇಕು, ಸಹಿ ತೆಗೆದುಕೊಳ್ಳಬೇಕು, ಖಾತೆಗೆ ಹಾಕಬೇಕು. 40 ನಿಮಿಷ ಹಿಡಿಯಿತೆನ್ನಿ. ಎಂಟು ಫೈಲಿಗೆ 320 ನಿಮಿಷ, ಅಂದರೆ ಐದು ತಾಸಿನ ಮೇಲಾಯಿತು. ಜೊತೆಗೆ ಕೌಂಟರೂ ನಿಮ್ಮದೇ ಆದರೆ ಲೆಕ್ಕ ಕೂಡುವುದಿಲ್ಲ.

ಆಗ ಹೇಳುವ ಮಾತು: "ಸರ್, ದಿನಕ್ಕ ಎಂಟು ರಿನ್ಯೂವಲ್ ಮಾಡಾಕ ಐದು ತಾಸು ಬೇಕ್ರಿ. ಕೌಂಟರ್ ನಾನ ನೋಡಿದ್ರ ಮೂರಕ್ಕ ನಿಲ್ತಾವ್ರಿ. ಎರಡರಾಗ ಯಾವ್ದು ಮೊದ್ಲ ಮಾಡ್ಲಿ ಹೇಳ್ರಿ." ಇದರಲ್ಲಿ ಇಲ್ಲ ಎನ್ನುವ ಮಾತಿಲ್ಲ, ಆಯ್ಕೆ ಮಾತ್ರ ಅವರದ್ದಾಗುತ್ತದೆ. ಉತ್ತರ ಬಂದ ಮೇಲೆ ಎರಡು ಸಾಲಿನ ಮೇಲ್ ಹಾಕಿ: "ತಾವು ಹೇಳಿದಂತೆ ಈ ವಾರ ಕೌಂಟರ್ ಮೊದಲು, ರಿನ್ಯೂವಲ್ ದಿನಕ್ಕೆ ಮೂರು."

ವಸೂಲಿ ಪಟ್ಟಿಯನ್ನು ಮೊತ್ತದ ಪ್ರಕಾರ ಇಟ್ಟುಕೊಳ್ಳುವವರೇ ಹೆಚ್ಚು. ತಾರೀಖಿನ ಪ್ರಕಾರ ಇಟ್ಟರೆ ಒತ್ತಡ ಇಳಿಯುತ್ತದೆ. ಕಂತಿನ ಸಾಲ ಬಾಕಿ ಬಿದ್ದು 31ರಿಂದ 60 ದಿನವಾದರೆ ಎಸ್‌ಎಂಎ-1 (ನಿಗಾ ಇಡಬೇಕಾದ ಖಾತೆ), 61ರಿಂದ 90 ಆದರೆ ಎಸ್‌ಎಂಎ-2, 90 ದಾಟಿದರೆ ಎನ್‌ಪಿಎ (ಕೆಟ್ಟ ಸಾಲ). ಮುಂದಿನ ಹತ್ತು ದಿನದಲ್ಲಿ ಗೆರೆ ದಾಟುವ ಖಾತೆಗಳಿಗೆ ಇವತ್ತೇ ಫೋನ್ ಮಾಡಿ, ಉಳಿದವು ಸರದಿಯಲ್ಲಿ ಬರಲಿ. ಅಲ್ಪಾವಧಿ ಬೆಳೆಸಾಲದ ಲೆಕ್ಕ ಬೇರೆ, ಅದಕ್ಕೆ ಎರಡು ಬೆಳೆ ಹಂಗಾಮಿನ ಗಡುವು. ಅವನ್ನು ಇದೇ ಪಟ್ಟಿಗೆ ಸೇರಿಸಿ ಗಾಬರಿಯಾಗಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಅದು ಸಾಲಗಾರರ ರಕ್ಷಣೆಗೆ ಬಂದ ನಿಯಮ, ಆದರೆ ರಾತ್ರಿ ಎಂಟಕ್ಕೆ "ಇನ್ನೊಂದು ಪಾರ್ಟಿಗೆ ಮಾತಾಡ್ರಿ" ಎನ್ನುವವರಿಗೆ ತೋರಿಸಲೂ ಬರುತ್ತದೆ.

ವಿ.ಸಿ.ಯಲ್ಲಿ ನಾಲ್ಕು ಜನರ ಮುಂದೆ ಹೀಯಾಳಿಸುವುದು ನಡೆದರೆ ತಾರೀಖು, ಸಮಯ, ಆಡಿದ ಮಾತು, ಯಾರಿದ್ದರು ಎಂಬುದನ್ನು ಅದೇ ದಿನ ಬರೆದಿಡಿ. ಒಂದು ಸಲದ ಮಾತಿಗೆ ದೂರು ನಿಲ್ಲುವುದು ಕಷ್ಟ. ಐದು ದಿನಾಂಕಗಳಿದ್ದರೆ ಸಂಘದವರಿಗೂ ಎಚ್‌ಆರ್‌ಗೂ ಕೆಲಸ ಹಗುರ.

ಫೋನು

ಗ್ರಾಹಕರಿಗೆ ಶಾಖೆಯ ನಂಬರ್ ಕೊಡಿ, ನಿಮ್ಮದನ್ನಲ್ಲ. ಈಗಾಗಲೇ ಕೊಟ್ಟಾಗಿದ್ದರೆ ಎರಡನೇ ಸಿಮ್‌ಗೆ ಕುಟುಂಬದವರನ್ನು ಸ್ಥಳಾಂತರಿಸುವುದು ಸುಲಭ. ನೂರಾರು ಗ್ರಾಹಕರನ್ನು ಸ್ಥಳಾಂತರಿಸುವುದು ಕಷ್ಟ. ವಾಟ್ಸಾಪ್ ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ "ಡು ನಾಟ್ ಡಿಸ್ಟರ್ಬ್" ಹಾಕಿ. ಅದರಲ್ಲಿ ಎರಡೇ ನಂಬರಿಗೆ ವಿನಾಯಿತಿ ಕೊಡಿ: ಮ್ಯಾನೇಜರ್ ಮತ್ತು ಕೀಲಿಯ ಜೊತೆಗಾರ. ಶಾಖೆಯಲ್ಲಿ ಅಲಾರಂ ಬಾರಿಸಿದರೆ ಫೋನ್ ಬಂದೇ ಬರುತ್ತದೆ. ರಾತ್ರಿ ಒಂಬತ್ತೂವರೆಗೆ ಬಂದ "ಅರ್ಜೆಂಟ್ ಡೇಟಾ" ಬೆಳಿಗ್ಗೆ ಎಂಟಕ್ಕೆ ಹೋದರೆ ಆಕಾಶ ಬೀಳುವುದಿಲ್ಲ. ಸಿಸ್ಟಂ ಇರುವುದೇ ಶಾಖೆಯಲ್ಲಿ.

ತಲೆಯೊಳಗೆ ಸುತ್ತುವ ಕೆಲಸಕ್ಕೆ ಫೋನಿನಲ್ಲಿ ಉಪಾಯವಿಲ್ಲ. ಬಿಡುವ ಮುಂಚೆ ನಾಳೆಯ ಮೊದಲ ಮೂರು ಕೆಲಸ ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗಿಡಿ. "ಆಡಿಟ್ ಉತ್ತರ" ಎಂದಷ್ಟೇ ಬರೆದರೆ ಅದು ಮನೆಗೆ ಬರುತ್ತದೆ. "ಆಡಿಟ್ ಪ್ಯಾರಾ 4, ವಿಮೆ ಪಾಲಿಸಿ ಪ್ರತಿ ತೆಗೆಸುವುದು, 10:15" ಎಂದು ಬರೆದರೆ ಅಲ್ಲೇ ಉಳಿಯುತ್ತದೆ.

ನಮ್ಮ ಭಾಗದ ಪಂಚಾಂಗ

ಇಲ್ಲಿಯ ಶಾಖೆಗಳ ನೂಕುನುಗ್ಗಲು ಹೇಳದೆ ಬರುವುದಿಲ್ಲ. ಜೂನ್-ಜುಲೈನಲ್ಲಿ ಮುಂಗಾರಿನ ಬೆಳೆಸಾಲ ರಿನ್ಯೂವಲ್, ಜೊತೆಗೆ ಬೆಳೆವಿಮೆಯ ಗಡುವು. ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣ. ಬ್ಯಾಡಗಿ ಸುತ್ತ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಹಣದ ಭರಾಟೆ, ಅದೂ ಸೋಮವಾರ, ಗುರುವಾರ ಮಾರುಕಟ್ಟೆಯ ದಿನ. ಗೃಹಲಕ್ಷ್ಮಿ 2,000 ಜಮಾ ಆದ ಸುದ್ದಿ ಬಂದರೆ ಮರುದಿನ ಬೆಳಿಗ್ಗೆ ಪಾಸ್‌ಬುಕ್ ಯಂತ್ರದ ಮುಂದೆ ಸಾಲು. ಊರ ಸಂತೆಯ ದಿನವಂತೂ ಇದ್ದೇ ಇದೆ.

ಈ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ ಮನೆಯ ಅಡುಗೆಮನೆಯಲ್ಲಿ ತೂಗುಹಾಕಿ. ಮನೆಯವರಿಗೆ ಬೇಸರವಾಗುವುದು ತಡವಾಗಿ ಬಂದದ್ದಕ್ಕಿಂತ, ಆರಕ್ಕೆ ಬರುತ್ತೇನೆಂದು ಎಂಟಕ್ಕೆ ಬಂದದ್ದಕ್ಕೆ. ಕೆಂಪು ದಿನ "ಎಂಟು" ಎಂದೇ ಹೇಳಿ. ಗಂಡ-ಹೆಂಡತಿ ಇಬ್ಬರೂ ಬ್ಯಾಂಕಿನವರಾದರೆ ಮಾರ್ಚ್ 20ರಿಂದ ಏಪ್ರಿಲ್ 2ರವರೆಗೆ ಮಕ್ಕಳ ಊಟ, ಶಾಲೆ, ಮುದುಕರ ಔಷಧಿ ಯಾರು ನೋಡುತ್ತಾರೆಂದು ಫೆಬ್ರವರಿಯಲ್ಲೇ ತೀರ್ಮಾನವಾಗಬೇಕು. ನಮ್ಮಲ್ಲಿ ಈ ಭಾರವೆಲ್ಲ ಸುಮ್ಮನೆ ಹೆಂಗಸಿನ ಮೇಲೆ ಬೀಳುತ್ತದೆ, ಅವರೂ ಅದೇ ಏಳು ಗಂಟೆಗೆ ಬ್ಯಾಂಕಿನಿಂದ ಬಂದಿರುತ್ತಾರೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ರಜೆ

ವರ್ಷಕ್ಕೆ 12 ಸಿ.ಎಲ್. (ಸಾಂದರ್ಭಿಕ ರಜೆ), ಕೆಲಸ ಮಾಡಿದ ಪ್ರತಿ 11 ದಿನಕ್ಕೆ ಒಂದು ಪಿ.ಎಲ್. (ಗಳಿಕೆ ರಜೆ), ವರ್ಷಕ್ಕೊಂದು ತಿಂಗಳು ಅರ್ಧ ಸಂಬಳದ ಸಿಕ್ ಲೀವ್ ಇದ್ದರೂ ಮನಸ್ಸು ತೆಗೆದುಕೊಳ್ಳಲು ಹೆದರುತ್ತದೆ. ಹೆದರಿಕೆಗೆ ಕಾರಣ ಬಹುಪಾಲು ಚಾರ್ಜ್ (ಕೆಲಸದ ಹೊಣೆ) ಬರೆದು ಕೊಡದಿರುವುದು. ಒಂದು ಪುಟ ಬರೆಯಿರಿ: ಬಾಕಿ ಕಡತ, ಎಲ್ಲಿವೆ, ಯಾವ ತಾರೀಖಿಗೆ ಏನು, ಯಾರಿಗೆ ಕೇಳಬೇಕು. ಹಾಗೆ ಕೊಟ್ಟುಹೋದವರಿಗೆ ಬರುವ ಫೋನ್ ಕಡಿಮೆ. ಬಿಡಿ ಬಿಡಿಯಾಗಿ ಒಂದೊಂದು ದಿನ ತೆಗೆದುಕೊಳ್ಳುವುದಕ್ಕಿಂತ ರಜೆಯ ಶನಿವಾರಕ್ಕೆ ಶುಕ್ರವಾರ, ಸೋಮವಾರ ಹೊಂದಿಸಿ ನಾಲ್ಕು ದಿನ ಮಾಡುವುದು ಲೇಸು.

ಸೂಕ್ಷ್ಮ ಹುದ್ದೆಯೆಂದು ನಿಮ್ಮ ಬ್ಯಾಂಕು ಗುರುತಿಸಿದ ಜಾಗದಲ್ಲಿದ್ದರೆ ಇನ್ನೊಂದು ದಾರಿಯಿದೆ. ರಿಸರ್ವ್ ಬ್ಯಾಂಕಿನ 2021ರ ಜುಲೈ ಆದೇಶದಂತೆ ಅಂಥವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಂದೇ ಕಂತಿನಲ್ಲಿ, ಮುನ್ಸೂಚನೆ ಕೊಡದೆ, ರಜೆಯ ಮೇಲೆ ಕಳಿಸಬೇಕು. ಆಗ ಬ್ಯಾಂಕಿನ ಕೆಲಸದ ಸಿಸ್ಟಂಗಳಿಗೆ ಪ್ರವೇಶವೇ ಇರಕೂಡದು. ಹಾಗಾಗಿ "ಸ್ವಲ್ಪ ಲಾಗಿನ್ ಆಗಿ ಒಂದು ಎಂಟ್ರಿ ಹಾಕ್ರಿ" ಎಂಬ ಫೋನಿಗೆ ನಿಯಮವೇ ಉತ್ತರ.

ಓಡಾಟ

ಹುಬ್ಬಳ್ಳಿಯಲ್ಲಿ ಮನೆ, ಗದಗಿನಲ್ಲಿ ಶಾಖೆ: ಸುಮಾರು 60 ಕಿಲೋಮೀಟರ್. ಸ್ಟ್ಯಾಂಡಿನಲ್ಲಿ ಕಾಯುವುದು ಸೇರಿ ಹೋಗುವಾಗ ಒಂದೂವರೆ ತಾಸು, ಬರುವಾಗ ಒಂದೂವರೆ ತಾಸು. ತಿಂಗಳಿಗೆ 24 ದಿನವೆಂದರೆ 72 ತಾಸು. ಪೂರ್ತಿ ಮೂರು ಹಗಲು, ಮೂರು ರಾತ್ರಿ. ರೋಣ, ಮುಂಡರಗಿ, ಹಿರೇಕೆರೂರಿನ ಶಾಖೆಗಳಿಗೆ ಇನ್ನೂ ಹೆಚ್ಚು. ಕೆಂಪು ವಾರಗಳಲ್ಲಿ ಎರಡು ರಾತ್ರಿ ಶಾಖೆಯ ಊರಲ್ಲೇ ಉಳಿದು ಉಳಿದ ದಿನ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದು, ದಿನವೂ ಒಂಬತ್ತಕ್ಕೆ ಬರುವುದಕ್ಕಿಂತ ವಾಸಿ. ರೈಲಿಗೆ ಓಡಾಡುವವರಿಗೆ ಒಂದು ಲಾಭವಿದೆ: ರೈಲಿನ ಹೊತ್ತು ಶಾಖೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಯಾರೂ ನಿಲ್ಲಿಸುವುದಿಲ್ಲ. ಬೈಕಿನವರಿಗೆ ಆ ಭಾಗ್ಯವಿಲ್ಲ.

ಹುಬ್ಬಳ್ಳಿ-ಧಾರವಾಡದೊಳಗಿನ ಓಡಾಟ ಚಿಗರಿ ಬಸ್ಸಿನದಾದರೆ ಎರಡು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಉಣಕಲ್ ಕೆರೆಯ ದಂಡೆಯಾಗಲಿ ಸಾಧನಕೇರಿಯಾಗಲಿ, ಹದಿನೈದು ನಿಮಿಷ ಸಾಕು. ವಸೂಲಿಯ ದನಿ ಅಲ್ಲೇ ಇಳಿಯಲಿ.

ಇದು ಒತ್ತಡವಷ್ಟೇ ಅಲ್ಲ ಎನ್ನುವ ಗುರುತು

ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿವೆ. ನಿಮ್ಮ ಪಟ್ಟಿಯಲ್ಲಿ ವಾರದ ತಾಸು ಕೂಡಿ ನೋಡಿ. ಬಿ.ಪಿ. ಎರಡು ಮೂರು ಬೇರೆ ಬೇರೆ ದಿನ 140/90 ದಾಟಿದರೆ ವೈದ್ಯರನ್ನು ಕಾಣಿ. ಎದೆನೋವು ಬಂದರೆ ಕ್ಯಾಶ್ ಮುಚ್ಚಿ ಹೋಗುತ್ತೇನೆನ್ನಬೇಡಿ.

ಎರಡು ವಾರ ನಿದ್ದೆ ಕೆಟ್ಟಿದ್ದರೆ, ಭಾನುವಾರ ಸಂಜೆಯೇ ಹೊಟ್ಟೆ ಕಲಸುತ್ತಿದ್ದರೆ, ಕುಡಿತ ದಿನದ ಅಭ್ಯಾಸವಾಗಿದ್ದರೆ ಮನೆಮದ್ದು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಹೋಗಲು ನಾಚಿಕೆ ಬೇಡ. ಸಾಯುವ ಯೋಚನೆ ಬಂದರೆ ಆ ದಿನವೇ ಹೇಳಿ: ಮನೆಯಲ್ಲಿ ಒಬ್ಬರಿಗೆ, 14416ಕ್ಕೆ ಒಮ್ಮೆ.

ಆರು ವಾರದ ಮೇಲೆ

ಮತ್ತೆ ಒಂದು ವಾರ ಪಟ್ಟಿ ಬರೆಯಿರಿ. ಶಾಖೆ ಬಿಡುವ ಹೊತ್ತು ಮೊದಲಿಗಿಂತ ಬೇಗ ಆಗಿದ್ದರೆ ಹಾಗೆಯೇ ನಡೆಸಿ. ಹೊತ್ತು ಅಷ್ಟೇ ಇದ್ದು ಊಟದ ಹೊತ್ತಿನ ಅಂಕಿ ಇಳಿದಿದ್ದರೂ ಲಾಭವೇ. ಎರಡೂ ಕದಲದಿದ್ದರೆ ತೊಂದರೆ ಆ ಶಾಖೆಯದ್ದು ಅಥವಾ ದೂರದ್ದು, ವರ್ಗಾವಣೆ ಅರ್ಜಿ ಬರೆಯುವ ಹೊತ್ತು. ಅರ್ಜಿಯಲ್ಲಿ "ಕೌಟುಂಬಿಕ ಕಾರಣ" ಎಂದು ಬರೆದರೆ ಅದು ನೂರರಲ್ಲಿ ಒಂದಾಗುತ್ತದೆ. ಮನೆಯಿಂದ ಶಾಖೆಗೆ ಕಿಲೋಮೀಟರ್ ಎಷ್ಟು, ಈ ಶಾಖೆಯಲ್ಲಿ ಎಷ್ಟು ವರ್ಷವಾಯಿತು, ಹಿರಿಯರ ಚಿಕಿತ್ಸೆಯ ದಾಖಲೆ, ಗಂಡ ಅಥವಾ ಹೆಂಡತಿಯ ನೇಮಕಾತಿ ಆದೇಶದ ಪ್ರತಿ, ಹೋಗಬೇಕೆಂದಿರುವ ಮೂರು ಶಾಖೆಗಳ ಹೆಸರು ಇರಲಿ. ಒಂದೇ ಹೆಸರು ಕೊಟ್ಟರೆ ಜಾಗವಿಲ್ಲ ಎಂಬ ಒಂದೇ ಉತ್ತರ. ಗ್ರಾಮೀಣ ಬ್ಯಾಂಕಿನವರು ಅರ್ಜಿ ಯಾರ ಹೆಸರಿಗೆ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನವಾಗಿ ಕೇಂದ್ರ ಕಚೇರಿ ಬಳ್ಳಾರಿಗೆ ಹೋಗಿದೆ, ಹಳೇ ನಮೂನೆ ನಕಲು ಮಾಡಿದರೆ ವಿಳಾಸವೇ ತಪ್ಪುತ್ತದೆ. ಸ್ವೀಕೃತಿಯ ಸಹಿ ಹಾಕಿಸಿಕೊಂಡ ಪ್ರತಿಯೊಂದನ್ನು ಮನೆಯಲ್ಲಿಡಿ.